ವಿದೇಶಿ ವಿದ್ಯಾರ್ಥಿಗಳ ಕ್ಷೇಮ ಕೇಂದ್ರ: ಕೆಲಸ ಅಚ್ಚುಕಟ್ಟು, ಆದರೆ ರಜೆಯಲ್ಲೂ ಬಾಗಿಲು ತೆರೆದಿರಬೇಕು

ಮಂಗಳೂರಿನಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಕೊಡುವ ನಮ್ಮಂತಹವರಿಗೆ ಒಂದು ಸಂಗತಿ ಅನುಭವದಿಂದಲೇ ಗೊತ್ತಿರುತ್ತದೆ. ಮೇಲಂತಸ್ತಿನ ಹುಡುಗಿ ಊಟ ಬಿಟ್ಟಿದ್ದಾಳೆ, ಅವಳ ಕೋಣೆಯ ದೀಪ ರಾತ್ರಿ ಮೂರು ಗಂಟೆಯಾದರೂ ಆರುವುದಿಲ್ಲ, ವಾರದಿಂದ ಚಪ್ಪಲಿ ಇಟ್ಟಲ್ಲೇ ಇದೆ ಎಂಬುದು ಮೊದಲು ಕಣ್ಣಿಗೆ ಬೀಳುವುದು ಕೆಳಗಿನ ಮನೆಯವರಿಗೆ. ಪ್ರಾಧ್ಯಾಪಕರಿಗೆ ಅದು ಹಾಜರಾತಿ ಪಟ್ಟಿಯಲ್ಲಿ ತಿಂಗಳ ಕೊನೆಗೆ ಕಾಣಿಸುತ್ತದೆ. ಹೆತ್ತವರಿಗೆ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಕಂಕನಾಡಿಯ ಬಳಿಯ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಆಫ್ರಿಕಾದ ಮತ್ತು ನಮ್ಮ ನೆರೆದೇಶಗಳ ವಿದ್ಯಾರ್ಥಿನಿಯರು ಬಾಡಿಗೆಗಿದ್ದಾರೆ. ಅವರು ಓದುವ ಸಂಸ್ಥೆ ವಿದೇಶಿ ವಿದ್ಯಾರ್ಥಿಗಳಿಗೆಂದೇ ನಡೆಸುವ ಕ್ಷೇಮ ಕೇಂದ್ರಕ್ಕೆ ಅವರ ಜೊತೆಗೆ ನಾನು ಹಲವು ಬಾರಿ ಹೋಗಿದ್ದೇನೆ, ಮನೆಮಾಲೀಕರಿಗಾಗಿ ಕೇಂದ್ರದವರು ಕರೆದ ಸಭೆಯಲ್ಲೂ ಕುಳಿತಿದ್ದೇನೆ. ಆ ಸೇವೆಯ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ; ಒಂದೊಂದು ದೇಶದಿಂದ ಬಂದವರು ನಾಲ್ಕೈದೇ ಮಂದಿ ಇರುವಾಗ, ಸಂಸ್ಥೆ ಯಾವುದೆಂದು ತಿಳಿದರೆ ವಿದ್ಯಾರ್ಥಿನಿ ಯಾರೆಂಬುದೂ ತಿಳಿದುಹೋಗುತ್ತದೆ.

ಕರಾವಳಿಗೆ ಹೊರದೇಶದ ಮಕ್ಕಳು ಓದಲು ಬರುವುದು ಇಂದು ನಿನ್ನೆಯ ಮಾತಲ್ಲ. ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1953ರಲ್ಲಿ. 1997ರಲ್ಲಿ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮಲೇಷ್ಯಾದ ವಿದ್ಯಾರ್ಥಿಗಳು ಎಂ.ಬಿ.ಬಿ.ಎಸ್.ನ ಮೊದಲ ಹಂತವನ್ನು ಮಣಿಪಾಲದಲ್ಲಿ ಮುಗಿಸಿ ಮುಂದಿನದಕ್ಕೆ ತಮ್ಮ ದೇಶಕ್ಕೆ ಮರಳುವ ವ್ಯವಸ್ಥೆ ಬಂತು. 1980ರಲ್ಲಿ ಸ್ಥಾಪನೆಯಾದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನ ಪಡೆದು ಬಂದವರಿದ್ದಾರೆ. ಸುರತ್ಕಲ್ಲು, ದೇರಳಕಟ್ಟೆಗಳಲ್ಲೂ ಇದ್ದಾರೆ. ಸೀಟು, ಹಾಸ್ಟೆಲು, ಶುಲ್ಕ ಇವುಗಳ ವ್ಯವಸ್ಥೆ ನಮ್ಮಲ್ಲಿ ಬಹಳ ಹಿಂದೆಯೇ ಗಟ್ಟಿಯಾಯಿತು. ಬಂದ ಮಕ್ಕಳ ಮನಸ್ಸಿನ ಆರೈಕೆಗೂ ಒಂದು ಕೋಣೆ, ಒಬ್ಬ ಅರ್ಹ ವ್ಯಕ್ತಿ ಬೇಕೆಂಬ ತಿಳಿವಳಿಕೆ ಬಂದದ್ದು ತೀರ ಈಚೆಗೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರು ಇರಲೇಬೇಕೆಂದು ಮಾರ್ಗಸೂಚಿ ನೀಡಿದೆ. ನಾನು ಹೇಳುತ್ತಿರುವ ಕೇಂದ್ರ ಅದಕ್ಕೂ ಮೊದಲಿನದು ಎಂಬುದನ್ನು ಅದರ ಹೆಗ್ಗಳಿಕೆಯೆಂದೇ ಬರೆಯಬೇಕು.

ಕೇಂದ್ರದಲ್ಲಿ ಸಿಗುವ ಸೇವೆಗಳೆಲ್ಲ ವಿದ್ಯಾರ್ಥಿಗಳಿಗೆ ಉಚಿತ. ಮುಕ್ಕಾಲು ಗಂಟೆಯ ಆಪ್ತಸಮಾಲೋಚನೆ, ಪರೀಕ್ಷೆಗೆ ಮೊದಲು ನಡೆಯುವ ಒತ್ತಡ ನಿರ್ವಹಣಾ ಶಿಬಿರ, ಹೊಸದಾಗಿ ಬಂದವರಿಗೆ ಜೊತೆಯಾಗುವ ಹಿರಿಯ ವಿದ್ಯಾರ್ಥಿಗಳ ತಂಡ, ಭಾನುವಾರದ ಅಡುಗೆಮನೆ ಮತ್ತು ಎಲ್ಲಕ್ಕಿಂತ ಮುಂಚೆ, ಬಾಗಿಲಲ್ಲೇ ಸಿಗುವ ಸಹಾಯದ ಮೇಜು. ಇಷ್ಟರಲ್ಲಿ ಯಾವುದಕ್ಕೆ ಹೆಚ್ಚು ಅಂಕ ಎಂದು ಕೇಳಿದರೆ ನಾನು ಯೋಚಿಸದೆ ಆ ಮೇಜನ್ನು ತೋರಿಸುತ್ತೇನೆ.

ಅಲ್ಲಿ ಕುಳಿತುಕೊಳ್ಳುವವರು ಮಧ್ಯವಯಸ್ಸಿನ ಮಹಿಳೆ. ಯಾವ ದೇಶದವರಾದರೂ ಮಕ್ಕಳೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಾರೆ. ಅವರ ಮುಂದೆ ಒಂದು ದಪ್ಪ ರಿಜಿಸ್ಟರ್, ಒಂದು ಕಂಪ್ಯೂಟರ್, ಸ್ಟೇಪ್ಲರ್, ಪಾಸ್‌ಪೋರ್ಟ್ ಅಳತೆಯ ಫೋಟೋ ಕತ್ತರಿಸುವುದಕ್ಕೆ ಒಂದು ಸಣ್ಣ ಕತ್ತರಿ ಇರುತ್ತವೆ. ನಮ್ಮಲ್ಲಿದ್ದ ಒಬ್ಬ ವಿದ್ಯಾರ್ಥಿನಿ ತಲೆನೋವೆಂದು ಎರಡು ಮೂರು ಕಡೆ ತೋರಿಸಿ, ಮಾತ್ರೆ ನುಂಗಿ, ಕಡಿಮೆಯಾಗದೆ ಕಡೆಗೆ ಕೇಂದ್ರಕ್ಕೆ ಬಂದಿದ್ದಳು. ಅಕ್ಕ ತಲೆನೋವಿನ ಬಗ್ಗೆ ಒಂದು ಮಾತು ಕೇಳಿ, ಕೂಡಲೇ, ರೆಸಿಡೆನ್ಸ್ ಪರ್ಮಿಟ್ ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಹುಡುಗಿ ಅಲ್ಲೇ ಅತ್ತುಬಿಟ್ಟಳು. ನವೀಕರಣದ ಅರ್ಜಿ ಬೋನಫೈಡ್ ಪ್ರಮಾಣಪತ್ರವಿಲ್ಲದೆ ಹಿಂದಿರುಗಿ ಬಂದಿತ್ತು, ಪ್ರಮಾಣಪತ್ರ ಬೇಕಾದರೆ ಶುಲ್ಕದ ಬಾಕಿ ಕಟ್ಟಬೇಕಿತ್ತು, ಬಾಕಿ ಕಟ್ಟಲು ಊರಿನಿಂದ ಹಣ ಬರಬೇಕಿತ್ತು, ಅವಧಿ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಈ ಸರಪಳಿಯನ್ನು ಅವಳು ಯಾರಿಗೂ ಹೇಳದೆ ತಲೆಯಲ್ಲಿ ಹೊತ್ತುಕೊಂಡಿದ್ದಳು. ಅಕ್ಕ ಲೆಕ್ಕಪತ್ರ ವಿಭಾಗಕ್ಕೆ ಫೋನ್ ಮಾಡಿ ಬಾಕಿಗೆ ಕಂತು ಕೇಳಿದರು, ಪ್ರಮಾಣಪತ್ರಕ್ಕೆ ತಾವೇ ಹೋಗಿ ಸಹಿ ಹಾಕಿಸಿ ತಂದರು, ನನ್ನಿಂದ ಬಾಡಿಗೆ ಕರಾರಿನ ಪ್ರತಿ ತರಿಸಿಕೊಂಡರು. ಇಷ್ಟಾದ ಮೇಲೆ ಒಳಗಿನ ಕೋಣೆಯಲ್ಲಿ ಆಪ್ತಸಮಾಲೋಚಕಿಯ ಎದುರು ಕುಳಿತಾಗ ಹುಡುಗಿಯ ಬಾಯಿಂದ ಮಾತು ಹೊರಟಿತು.

ಕಾಗದಪತ್ರದ ಕಷ್ಟ ಬೇರೆ, ಮನಸ್ಸಿನ ಕಷ್ಟ ಬೇರೆ ಎಂದು ಎರಡು ಕಟ್ಟಡಗಳಲ್ಲಿ ಹಂಚಿಹಾಕುವ ಪದ್ಧತಿ ಹಲವು ಕಡೆ ಇದೆ. ಹಾಗೆ ಮಾಡಿದಾಗ ವಿದ್ಯಾರ್ಥಿ ಒಂದು ಕಿಟಕಿಯಲ್ಲಿ ಗುಮಾಸ್ತರ ಸಿಡುಕು ಕೇಳಿ, ಇನ್ನೊಂದು ಕೋಣೆಯಲ್ಲಿ ಸಮಾಧಾನದ ಮಾತು ಕೇಳಿ, ಎರಡನ್ನೂ ಹೊತ್ತುಕೊಂಡು ಕೋಣೆಗೆ ಹಿಂದಿರುಗಬೇಕಾಗುತ್ತದೆ. 180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನಗಳೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಮನೆ ಕೊಟ್ಟ ನಾವು ಅವರು ಬಂದ 24 ಗಂಟೆಯೊಳಗೆ ವಿದೇಶಿ ಬಾಡಿಗೆದಾರರ ವಿವರ ತಿಳಿಸುವ ಫಾರ್ಮ್ (ಹಿಂದೆ ಇದನ್ನು ಫಾರ್ಮ್ ಸಿ ಎನ್ನುತ್ತಿದ್ದರು) ತುಂಬಬೇಕು. ವಿದ್ಯಾರ್ಥಿ ವೀಸಾದಲ್ಲಿರುವವರು ಇಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಆದ್ದರಿಂದ ಊರಿನಿಂದ ಬರುವ ಹಣ ನಿಂತರೆ ಸಂಜೆ ಹೊತ್ತು ಎಲ್ಲಾದರೂ ದುಡಿದು ಸರಿದೂಗಿಸುವ ದಾರಿಯೇ ಅವರಿಗಿಲ್ಲ. 2023ರ ಜೂನಿನಲ್ಲಿ ನೈಜೀರಿಯಾ ತನ್ನ ನಾಣ್ಯವಾದ ನೈರಾದ ಮೇಲಿನ ಹಿಡಿತ ಸಡಿಲಿಸಿದಾಗ ಡಾಲರಿನ ಎದುರು ಅದರ ಬೆಲೆ ಕುಸಿದು, ಡಾಲರಿನಲ್ಲಿ ಶುಲ್ಕ ಕಟ್ಟುವ ಅಲ್ಲಿನ ಹೆತ್ತವರಿಗೆ ಅದೇ ಶುಲ್ಕ ಏಕಾಏಕಿ ಬಹಳ ಭಾರವಾಯಿತು. ಇಂಥ ಹೊತ್ತಿನಲ್ಲಿ ಆ ದೇಶದ ವಿದ್ಯಾರ್ಥಿಗೆ ಉಸಿರಾಟದ ವ್ಯಾಯಾಮವನ್ನಷ್ಟೇ ಹೇಳಿಕೊಟ್ಟರೆ ಅವನ ಕಷ್ಟವನ್ನು ಅರ್ಥಮಾಡಿಕೊಂಡಂತಾಗುವುದಿಲ್ಲ.

ಊರಿನ ಸುದ್ದಿಯೂ ಹಾಗೆಯೇ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ವಶವಾದಾಗ ಮಂಗಳೂರಿನಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳು ಮನೆಯವರ ಫೋನಿಗಾಗಿ ಕಾದು ಕುಳಿತದ್ದು ಪತ್ರಿಕೆಗಳಲ್ಲೂ ಬಂದಿತ್ತು. 2022ರಲ್ಲಿ ಶ್ರೀಲಂಕಾದಲ್ಲಿ ಇಂಧನಕ್ಕೂ ಔಷಧಕ್ಕೂ ಕೊರತೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ನೇಪಾಳದಲ್ಲಿ ಯುವಜನರ ಪ್ರತಿಭಟನೆ ಸರ್ಕಾರವನ್ನೇ ಬೀಳಿಸಿತು. ಈ ಕೇಂದ್ರದ ಒಂದು ಒಳ್ಳೆಯ ಅಭ್ಯಾಸವೆಂದರೆ, ಇಂಥದ್ದೇನಾದರೂ ನಡೆದ ಕೂಡಲೇ ಆ ದೇಶದ ವಿದ್ಯಾರ್ಥಿಗಳಿಗೆ ತಾವೇ ಫೋನ್ ಮಾಡಿ, ಮನೆಯವರು ಕ್ಷೇಮವೇ, ಪರೀಕ್ಷೆ ಮುಂದೂಡಬೇಕೇ ಎಂದು ವಿಚಾರಿಸುತ್ತಾರೆ. ವಿದ್ಯಾರ್ಥಿಯೇ ಬಂದು ಹೇಳಲಿ ಎಂದು ಕಾಯುವುದಿಲ್ಲ. ಒತ್ತಡದಲ್ಲಿ ಮುಳುಗಿದವರಿಗೆ ಸಹಾಯ ಕೇಳುವುದೇ ಇನ್ನೊಂದು ಕೆಲಸವಾಗಿಬಿಡುತ್ತದೆ ಎಂಬುದನ್ನು ಇವರು ಅರಿತಿದ್ದಾರೆ.

ಇನ್ನು ಮಂಗಳೂರಿನದೇ ಆದ ಕಷ್ಟಗಳಿವೆ. ಮಳೆಗಾಲವೆಂದರೆ ಎಲ್ಲ ಹೊರದೇಶದವರಿಗೂ ಗಾಬರಿಯೆಂದು ನಾವು ತಿಳಿಯುತ್ತೇವೆ. ಮಲೇಷ್ಯಾ, ಮಾಲ್ಡೀವ್ಸ್ ಕಡೆಯವರಿಗೆ ಮಳೆ ಹೊಸತಲ್ಲ. ಇಥಿಯೋಪಿಯಾದ ಎತ್ತರದ ಪ್ರದೇಶದ ತಂಪಿನಲ್ಲಿ ಬೆಳೆದವರಿಗೆ ಮಾತ್ರ ಏಪ್ರಿಲ್-ಮೇ ತಿಂಗಳ ನಮ್ಮ ಸೆಕೆಯೇ ದೊಡ್ಡ ಶಿಕ್ಷೆ. ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ನೆನಪು ನಿಲ್ಲುವುದಿಲ್ಲ, ಇಂಟರ್ನಲ್ಸ್‌ನಲ್ಲಿ ಅಂಕ ಬರುವುದಿಲ್ಲ, ಅಂಕ ಹೋದ ಚಿಂತೆಗೆ ಮರುದಿನದ ನಿದ್ದೆಯೂ ಹೋಗುತ್ತದೆ. ಜೂನ್ ಬಂತೆಂದರೆ ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಊಟದ ವಿಷಯದಲ್ಲಿ ಕುಚ್ಚಲಕ್ಕಿಯ ದಪ್ಪ ಅನ್ನವೂ ತೆಂಗಿನೆಣ್ಣೆಯ ವಾಸನೆಯೂ ರೂಢಿಯಾಗಲು ಸಮಯ ಬೇಕು. ತರಗತಿ ಇಂಗ್ಲಿಷಿನಲ್ಲಿ ನಡೆದರೂ ಬಸ್ಸಿನಲ್ಲಿ, ಅಂಗಡಿಯಲ್ಲಿ, ಸಹಪಾಠಿಗಳ ಹರಟೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಒಂದರ ಬೆನ್ನಿಗೆ ಒಂದು ಬರುತ್ತವೆ. ಗುಂಪಿನಲ್ಲಿ ಕುಳಿತಿದ್ದೂ ಗುಂಪಿನ ಹೊರಗಿರುವ ಆ ಸ್ಥಿತಿಯನ್ನು ನಮ್ಮ ಮಕ್ಕಳು ಬೇಕೆಂದೇ ಉಂಟುಮಾಡುವುದಿಲ್ಲ, ಆದರೆ ಅದು ಉಂಟಾಗುತ್ತದೆ.

ನಾರ್ವೆಯ ಸಮಾಜವಿಜ್ಞಾನಿ ಸ್ವೆರೆ ಲೀಸ್ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಓದಲು ಹೋಗಿಬಂದ 200 ಮಂದಿ ನಾರ್ವೆಯವರನ್ನು ಮಾತಾಡಿಸಿ ಒಂದು ವಿಚಾರ ಮುಂದಿಟ್ಟರು: ಹೊಸ ದೇಶದಲ್ಲಿ ಮೊದಲು ಉತ್ಸಾಹವಿರುತ್ತದೆ, ಕೆಲವು ತಿಂಗಳ ನಂತರ ಮನಸ್ಸು ಕುಸಿಯುತ್ತದೆ, ಮತ್ತೆ ನಿಧಾನವಾಗಿ ಏಳುತ್ತದೆ. ಮುಂದಿನ ಅಧ್ಯಯನಗಳಲ್ಲಿ ಎಲ್ಲರೂ ಈ ದಾರಿಯಲ್ಲೇ ನಡೆಯುವುದಿಲ್ಲವೆಂದೂ, ಎಷ್ಟೋ ಮಂದಿಗೆ ಮೊದಲ ದಿನಗಳೇ ಅತಿ ಕಠಿಣವೆಂದೂ ತಿಳಿದುಬಂತು. ಕೇಂದ್ರದವರು ಎರಡೂ ಮಾತನ್ನು ಗಮನದಲ್ಲಿಟ್ಟಿರಬೇಕು. ಬಂದ ಮೊದಲ ವಾರದಲ್ಲಿ ಒಂದು ಪರಿಚಯ ಕಾರ್ಯಕ್ರಮ, ಮೂರು ನಾಲ್ಕು ತಿಂಗಳಾದ ಮೇಲೆ ಪ್ರತಿಯೊಬ್ಬರನ್ನೂ ಮತ್ತೆ ಕರೆದು ಮಾತಾಡಿಸುವ ಕ್ರಮ ಇಟ್ಟುಕೊಂಡಿದ್ದಾರೆ. ಹೆಚ್ಚಿನ ಸಂಸ್ಥೆಗಳು ಮೊದಲನೆಯದನ್ನು ಹೂಗುಚ್ಛ ಕೊಟ್ಟು ಫೋಟೋ ತೆಗೆಸಿ ಮುಗಿಸುತ್ತವೆ, ಎರಡನೆಯದನ್ನು ಮಾಡುವುದೇ ಇಲ್ಲ. ನಾನು ನೋಡಿದ ಮಟ್ಟಿಗೆ ಎರಡನೆಯ ಭೇಟಿಯೇ ಹೆಚ್ಚು ಉಪಯುಕ್ತ, ಯಾಕೆಂದರೆ ಅಷ್ಟು ಹೊತ್ತಿಗೆ ಮಕ್ಕಳಿಗೆ ತಮ್ಮ ತೊಂದರೆ ಏನೆಂದು ಹೇಳಲು ಬರುತ್ತದೆ.

ಆಪ್ತಸಮಾಲೋಚನೆಯ ಗುಣಮಟ್ಟದ ಬಗ್ಗೆ ವಿದ್ಯಾರ್ಥಿನಿಯರು ಹೇಳಿದ್ದನ್ನಷ್ಟೇ ಬರೆಯಬಲ್ಲೆ. ಒಳಗಿನ ಕೋಣೆಗೆ ನಾನು ಹೋಗಿಲ್ಲ, ಹೋಗಲೂಬಾರದು. ಮೊದಲ ದಿನ ಪಿ.ಎಚ್.ಕ್ಯೂ.-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಏಕಾಗ್ರತೆ ಹೇಗಿದ್ದವೆಂದು ಸೊನ್ನೆಯಿಂದ ಮೂರರವರೆಗೆ ಗುರುತು ಹಾಕಬೇಕು. ಒಟ್ಟು 27ರಲ್ಲಿ ಹತ್ತು ಅಥವಾ ಹೆಚ್ಚು ಬಂದರೆ ಇನ್ನಷ್ಟು ವಿವರವಾಗಿ ನೋಡಬೇಕೆಂದು ಅರ್ಥ. ಅಂಕವನ್ನು ರೋಗದ ಹೆಸರಾಗಿ ಹೇಳಿ ಹೆದರಿಸದೆ, ಇದು ಮಾತು ಶುರುಮಾಡುವುದಕ್ಕೆ ಮಾತ್ರ ಎಂದು ಅವರು ತಿಳಿಸಿ ಹೇಳಿದರಂತೆ. ಸಾವಿನ ಯೋಚನೆ ಬರುತ್ತದೆಯೇ ಎಂಬ ಒಂಬತ್ತನೆಯ ಪ್ರಶ್ನೆಯನ್ನು ಹಾರಿಸದೆ, ದನಿ ತಗ್ಗಿಸದೆ ನೇರವಾಗಿ ಕೇಳಿದರಂತೆ. ಔಷಧ ಬೇಕಾಗಬಹುದೆಂದು ಕಂಡವರನ್ನು ತಾವೇ ಇಟ್ಟುಕೊಳ್ಳದೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ, ಮೊದಲ ಸಲ ಒಬ್ಬರು ಜೊತೆಗೂ ಹೋಗುತ್ತಾರೆ.

ಗೋಪ್ಯತೆಯ ವಿಷಯದಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕು. ಇಲ್ಲಿ ಹೇಳಿದ್ದು ನೋಂದಣಿ ಕಚೇರಿಗೆ ಹೋಗುತ್ತದೆ, ವೀಸಾ ರದ್ದಾಗುತ್ತದೆ, ದೂತಾವಾಸಕ್ಕೆ ತಿಳಿಯುತ್ತದೆ ಎಂಬ ಹೆದರಿಕೆ ಈ ಮಕ್ಕಳಲ್ಲಿ ಬಹಳ ಇದೆ. 2018ರಲ್ಲಿ ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಮಾನಸಿಕ ಅಸ್ವಸ್ಥತೆಗೆ ಚಿಕಿತ್ಸೆ ಪಡೆಯುವವರ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯವಿದ್ದಾಗ, ಬೇರೆಯವರಿಗೆ ಹಾನಿಯಾಗುವಂತಿದ್ದಾಗ ಇತ್ಯಾದಿ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ. ಕೇಂದ್ರದವರು ಇದನ್ನು ಸರಳ ಇಂಗ್ಲಿಷಿನಲ್ಲಿ ಒಂದು ಪುಟ ಮಾಡಿ, ಯಾವಾಗ ಗುಟ್ಟು ಮುರಿಯಬೇಕಾಗುತ್ತದೆ ಎಂಬುದನ್ನೂ ಅದರಲ್ಲೇ ಬರೆದು, ಮಾತಿಗೆ ಮೊದಲು ಓದಲು ಕೊಡುತ್ತಾರೆ. ಇದು ಶ್ಲಾಘನೀಯ.

ಆದರೆ ಮಕ್ಕಳಿಗೆ ಸರ್ಕಾರಕ್ಕಿಂತಲೂ ಹೆಚ್ಚಿನ ಭಯ ತಮ್ಮದೇ ದೇಶದವರದ್ದು. ಐದಾರು ಮಂದಿಯ ಒಂದು ಗುಂಪಿನಲ್ಲಿ ಒಬ್ಬಳು ಆಪ್ತಸಮಾಲೋಚಕಿಯ ಬಳಿ ಹೋದಳೆಂಬ ಸುದ್ದಿ ವಾಟ್ಸಾಪಿನಲ್ಲಿ ಸಂಜೆಯೊಳಗೆ ಅವಳ ತಾಯಿಗೆ ಮುಟ್ಟುತ್ತದೆ. ಹೀಗಿರುವಾಗ ಕೇಂದ್ರದವರು ಕಾಯುವ ಬೆಂಚನ್ನು ಇಟ್ಟಿರುವುದು ಎಲ್ಲರೂ ಓಡಾಡುವ ಕಾರಿಡಾರಿನಲ್ಲಿ, ದೊಡ್ಡ ಅಕ್ಷರದ ಬೋರ್ಡಿನ ಕೆಳಗೆ. ನಮ್ಮ ಒಬ್ಬ ವಿದ್ಯಾರ್ಥಿನಿ ಆ ಬೆಂಚಿನ ತನಕ ಹೋಗಿ ಹಿಂದಿರುಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಹೊಸಬರಿಗೆ ಅವರದೇ ದೇಶದ ಹಿರಿಯರನ್ನು ಜೊತೆ ಮಾಡುವ ಪದ್ಧತಿಯಲ್ಲೂ ಇದೇ ತೊಡಕಿದೆ. ಸಿಮ್ ಕಾರ್ಡ್ ಕೊಡಿಸಲು, ಬ್ಯಾಂಕ್ ಖಾತೆ ತೆರೆಸಲು, ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿಸಲು ಸ್ವದೇಶದ ಹಿರಿಯರಿಗಿಂತ ಉತ್ತಮ ಜೊತೆ ಇಲ್ಲ; ಮನಸ್ಸಿನ ಮಾತಿಗೆ ಮಾತ್ರ ಬೇರೆ ದೇಶದವರನ್ನು ಆರಿಸಿಕೊಳ್ಳುವ ಅವಕಾಶವಿರಬೇಕು. ಕೇಳಿದರೆ ಕೊಡುತ್ತಾರೆ, ನಿಜ. ಆದರೆ ಕೇಳಬಹುದೆಂದು ಎಲ್ಲೂ ಬರೆದಿಲ್ಲ.

ಒತ್ತಡ ನಿರ್ವಹಣಾ ಶಿಬಿರ ಈ ಕೇಂದ್ರದ ಅತ್ಯಂತ ದುರ್ಬಲ ಭಾಗ. ಹೊರಗಿನಿಂದ ಬಂದ ಉಪನ್ಯಾಸಕರು ಸಭಾಂಗಣದಲ್ಲಿ ಸ್ಲೈಡುಗಳ ಮೇಲೆ ಸ್ಲೈಡು ಹಾಕಿ, ಸಕಾರಾತ್ಮಕವಾಗಿ ಯೋಚಿಸಿ, ಸಮಯವನ್ನು ಸರಿಯಾಗಿ ಬಳಸಿಕೊಳ್ಳಿ ಎಂದು ವೇಗದ ಇಂಗ್ಲಿಷಿನಲ್ಲಿ ಹೇಳಿ ಹೋಗುತ್ತಾರೆ. ಹಾಜರಾತಿ ಕಡ್ಡಾಯವೆಂಬ ಕಾರಣಕ್ಕೆ ಬಂದು ಕುಳಿತ ವಿದ್ಯಾರ್ಥಿಗಳು ಮೊಬೈಲು ನೋಡುತ್ತಿರುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ಸ್ವಲ್ಪ ಒತ್ತಡ ಬೇಕೇ ಬೇಕು, ಮಿತಿಮೀರಿದಾಗ ಮಾತ್ರ ಅದು ಕೆಲಸ ಕೆಡಿಸುತ್ತದೆ ಎಂಬ ಮಾತಿಗೆ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1908ರಷ್ಟು ಹಿಂದೆಯೇ ಇಲಿಗಳ ಮೇಲೆ ನಡೆಸಿದ ಪ್ರಯೋಗ ಮೂಲ. ಆ ಒಂದು ಮಾತನ್ನು ಬಿಡಿಸಿ ಹೇಳಿದ್ದರೂ, ಎದೆ ಹೊಡೆದುಕೊಂಡ ಮಾತ್ರಕ್ಕೆ ತಾನು ಸೋತೆನೆಂದು ತಿಳಿಯುವ ಎಷ್ಟೋ ಮಕ್ಕಳಿಗೆ ಧೈರ್ಯ ಬರುತ್ತಿತ್ತು. ಶಿಬಿರದ ಕೊನೆಯಲ್ಲಿ ಕೇಂದ್ರದ ಆಪ್ತಸಮಾಲೋಚಕಿಯೇ ಮಾಡಿಸಿದ ಅಭ್ಯಾಸ ಮಾತ್ರ ಚೆನ್ನಾಗಿತ್ತು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ರೂಪಿಸಿದ ಸ್ನಾಯು ಸಡಿಲಿಕೆಯ ಕ್ರಮವದು: ಮುಷ್ಟಿಯನ್ನು ಕೆಲವು ಕ್ಷಣ ಗಟ್ಟಿಯಾಗಿ ಬಿಗಿದು ಒಮ್ಮೆಲೇ ಸಡಿಲ ಬಿಡುವುದು, ಹಾಗೆಯೇ ತೋಳು, ಭುಜ, ಹಣೆ, ದವಡೆ, ಹೊಟ್ಟೆ, ಕಾಲು. ಜೊತೆಗೆ ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. ಇದಕ್ಕೆ ಭಾಷೆ ಬೇಡ, ನೋಡಿ ಕಲಿಯಬಹುದು. ಸಭಾಂಗಣದಲ್ಲಿ ಹದಿನೈದು ನಿಮಿಷಕ್ಕೆ ಮುಗಿಸಿದ ಇದನ್ನೇ ಹತ್ತು ಹನ್ನೆರಡು ಮಂದಿಯ ಸಣ್ಣ ಗುಂಪುಗಳಲ್ಲಿ ವಾರಕ್ಕೊಮ್ಮೆ ಮಾಡಿಸಿ, ಉಪನ್ಯಾಸವನ್ನು ಪೂರ್ತಿ ಕೈಬಿಟ್ಟರೆ ಖರ್ಚೂ ಉಳಿಯುತ್ತದೆ, ಪ್ರಯೋಜನವೂ ಆಗುತ್ತದೆ.

ಭಾನುವಾರದ ಅಡುಗೆಮನೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಅದು ಎಲ್ಲ ರೀತಿಯಲ್ಲೂ ಚೆನ್ನಾಗಿ ನಡೆಯುತ್ತಿದೆ. ಪೂರ್ವ ಆಫ್ರಿಕಾದವರಿಗೆ ಉಗಾಲಿ ಎಂಬ ಮುದ್ದೆ ಮಾಡಲು ಬಿಳಿ ಮೆಕ್ಕೆಜೋಳದ ಹಿಟ್ಟು ಬೇಕು, ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹಳದಿ. ಅದರಲ್ಲೇ ಮಾಡಿ, ರುಚಿ ಬೇರೆಯಾಯಿತೆಂದು ದೂರುತ್ತ, ನಗುತ್ತ ಊಟ ಮಾಡುತ್ತಾರೆ. ಕದ್ರಿ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ಗುಂಪೂ ಇದೆ, ಮಳೆಗಾಲದಲ್ಲಿ ಅದು ನಿಂತುಹೋಗುತ್ತದೆ. ವ್ಯಾಯಾಮ ಅತಿ ಹೆಚ್ಚು ಬೇಕಾದ ಆ ತಿಂಗಳುಗಳಿಗೆ ಒಳಾಂಗಣದಲ್ಲಿ ಏನಾದರೂ ವ್ಯವಸ್ಥೆ ಮಾಡಬೇಕು.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕೇಂದ್ರ ಕಾಲೇಜಿನ ರಜಾಪಟ್ಟಿಯನ್ನೇ ಪಾಲಿಸುತ್ತದೆ. ದಸರೆ, ದೀಪಾವಳಿ, ಕ್ರಿಸ್ಮಸ್ ಎಂದು ತರಗತಿಗಳು ನಿಂತ ದಿನ ಅದೂ ಮುಚ್ಚುತ್ತದೆ. ಉಳಿದ ದಿನಗಳಲ್ಲೂ ಸಂಜೆ ಐದಕ್ಕೆ ಬೀಗ. ಭಾನುವಾರ ಅಡುಗೆಮನೆ ತೆರೆದಿದ್ದರೂ ಆಪ್ತಸಮಾಲೋಚಕಿ ಇರುವುದಿಲ್ಲ. ನಮ್ಮ ಮಕ್ಕಳಿಗೆ ರಜೆ ಎಂದರೆ ಊರಿಗೆ ಹೋಗುವುದು. ಹೊರದೇಶದ ಮಕ್ಕಳಿಗೆ ರಜೆ ಎಂದರೆ ಸಹಪಾಠಿಗಳೆಲ್ಲ ಬಸ್ಸು ಹತ್ತಿ ಹೋದ ಮೇಲೆ ಉಳಿಯುವ ಖಾಲಿ ಹಾಸ್ಟೆಲು, ಮುಚ್ಚಿದ ಮೆಸ್ಸು, ಇಡೀ ದಿನ ಮಾತಾಡಲು ಒಬ್ಬರೂ ಇಲ್ಲದ ಕೋಣೆ. ಮಂಗಳೂರಿನಿಂದ ಕೊಲ್ಲಿ ರಾಷ್ಟ್ರಗಳಿಗೆ ನೇರ ವಿಮಾನವಿದೆ, ಆಫ್ರಿಕಾದ ಊರುಗಳಿಗೆ ಇಲ್ಲ. ಕೆಲವು ದಿನಗಳ ರಜೆಗೆ ಹೋಗಿಬರುವ ಮಾತೇ ಇಲ್ಲ. ಕುದ್ರೋಳಿಯ ದಸರಾ ಮೆರವಣಿಗೆಗೆ ಇಡೀ ಮಂಗಳೂರು ಬೀದಿಗಿಳಿದ ರಾತ್ರಿ ನಮ್ಮ ಮೇಲಂತಸ್ತಿನ ನೇಪಾಳದ ಹುಡುಗಿ, ತನ್ನ ಮನೆಯಲ್ಲಿ ದಶೈಂ (ಅವರ ದಸರೆ) ಹಬ್ಬದ ಟೀಕಾ ಇಡುವುದನ್ನು ವಿಡಿಯೋ ಕರೆಯಲ್ಲಿ ನೋಡಿ, ಫೋನ್ ಇಟ್ಟ ಮೇಲೆ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಕೇಂದ್ರಕ್ಕೆ ಫೋನ್ ಮಾಡಿದರೆ, ರಜೆ ಮುಗಿದ ಮೇಲೆ ಸಂಪರ್ಕಿಸಿ ಎಂದು ಧ್ವನಿಮುದ್ರಿತ ಉತ್ತರ ಬಂತು. ಊಟ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿ ನಾನು ಕರೆದದ್ದರಿಂದ ಅವಳು ಬಾಗಿಲು ತೆರೆದಳು. ಹಾಸ್ಟೆಲಿನಲ್ಲಿದ್ದವಳಾಗಿದ್ದರೆ ಯಾರು ತಟ್ಟುತ್ತಿದ್ದರು? ವಿದೇಶಿ ವಿದ್ಯಾರ್ಥಿಗಳಿಗೆಂದು ಕಟ್ಟಿದ ಸೇವೆ, ವಿದೇಶಿ ವಿದ್ಯಾರ್ಥಿಗಳು ಮಾತ್ರ ಆವರಣದಲ್ಲಿ ಉಳಿದಿರುವ ದಿನಗಳಲ್ಲಿ ಮುಚ್ಚಿರುವುದು ಯಾವ ರೀತಿಯಲ್ಲೂ ಸರಿಯಲ್ಲ. ಇಬ್ಬರು ಆಪ್ತಸಮಾಲೋಚಕಿಯರಿದ್ದಾರೆ, ಹಬ್ಬದ ರಜೆಯನ್ನು ಹಂಚಿಕೊಂಡು, ದಿನಕ್ಕೆ ಅರ್ಧ ಹೊತ್ತಾದರೂ ಒಬ್ಬರು ಇರುವಂತೆ ಮಾಡುವುದು ಅಸಾಧ್ಯವಲ್ಲ.

ರಾತ್ರಿ ಹೊತ್ತಿನ ತುರ್ತಿಗೆ ಕೇಂದ್ರದ ಬಾಗಿಲ ಮೇಲೆ ಟೆಲಿ ಮಾನಸ್‌ನ 14416 ಸಂಖ್ಯೆ ಅಂಟಿಸಿದ್ದಾರೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದ ಈ ದೂರವಾಣಿ ಸೇವೆ ದಿನದ 24 ಗಂಟೆಯೂ ಉಚಿತವಾಗಿ, 20 ಭಾಷೆಗಳಲ್ಲಿ ಸಿಗುತ್ತದೆ. ಅದೇ ದಸರೆಯಲ್ಲಿ ನಾವು ಅದಕ್ಕೆ ಕರೆ ಮಾಡಿದೆವು. ಆ ಹುಡುಗಿ ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದಳು, ಆ ರಾತ್ರಿ ನಿದ್ದೆ ಮಾಡಿದಳು. ಆದರೆ ಮುಚ್ಚಿದ ಬಾಗಿಲ ಮೇಲಿನ ಚೀಟಿ ಹಾಸ್ಟೆಲಿನ ಕೋಣೆಯಲ್ಲಿ ಕುಳಿತವರಿಗೆ ಕಾಣುವುದಿಲ್ಲ. ಆ ಸಂಖ್ಯೆ ಪ್ರತಿಯೊಬ್ಬರ ಗುರುತಿನ ಚೀಟಿಯ ಹಿಂಬದಿಯಲ್ಲಿ ಅಚ್ಚಾಗಿರಬೇಕು.

ಮನೆಮಾಲೀಕರಿಗಾಗಿ ನಡೆಸಿದ ಸಭೆಯ ಬಗ್ಗೆ ಬರೆಯದಿದ್ದರೆ ಅನ್ಯಾಯವಾಗುತ್ತದೆ. ನಮ್ಮಂತಹವರನ್ನು ಇಂಥ ವಿಷಯಕ್ಕೆ ಕರೆದು ಕೂರಿಸಿ ಕನ್ನಡದಲ್ಲೂ ತುಳುವಿನಲ್ಲೂ ವಿವರಿಸಿದ ಬೇರೆ ಸಂಸ್ಥೆಯನ್ನು ನಾನು ಕಂಡಿಲ್ಲ. ಬಾಡಿಗೆ ಬಾಕಿ ಉಳಿದರೆ ಮೊದಲು ಕೇಂದ್ರಕ್ಕೆ ತಿಳಿಸಿ, ಮಧ್ಯರಾತ್ರಿ ಸಾಮಾನು ಹೊರಗಿಡಬೇಡಿ ಎಂದರು. ಜಪ, ಪ್ರಾರ್ಥನೆಯಿಂದ ಸರಿಹೋಗುತ್ತದೆಂದು ನಿಮ್ಮ ನಂಬಿಕೆಯನ್ನು ಅವರ ಮೇಲೆ ಹೇರಬೇಡಿ ಎಂದರು. ಸಾಯುವ ಮಾತಾಡಿದ್ದಾಳೆಂದು ಕಂಡರೆ, ಹಾಗೆ ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಕೇಳಿದ ಮೇಲೆ ಒಬ್ಬಳನ್ನೇ ಬಿಟ್ಟು ಹೋಗಬೇಡಿ ಎಂದರು. ಒಬ್ಬ ಹಿರಿಯರು ಎದ್ದು ನಿಂತು, ನಮಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಹೇಗೆ ಕೇಳುವುದು ಎಂದಾಗ, ಆಪ್ತಸಮಾಲೋಚಕಿ ಅವರಿಗೆ ಎರಡು ಸಣ್ಣ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದುಕೊಟ್ಟರು. ನಾವೆಲ್ಲ ಅದನ್ನು ಫೋಟೋ ತೆಗೆದುಕೊಂಡೆವು.

ರಜೆಯ ದಿನಗಳ ವಿಷಯವನ್ನೂ ಕಾರಿಡಾರಿನ ಬೆಂಚಿನ ವಿಷಯವನ್ನೂ ನಾನು ಮತ್ತು ಇನ್ನಿಬ್ಬರು ಮನೆಮಾಲೀಕರು ಕೇಂದ್ರಕ್ಕೆ ಲಿಖಿತವಾಗಿ ಕೊಟ್ಟಿದ್ದೇವೆ. ಬೆಂಚನ್ನು ಕಾರಿಡಾರಿನಿಂದ ಒಳಕ್ಕೆ ಸಾಗಿಸಲು ಒಪ್ಪಿದ್ದಾರೆ. ರಜೆಯ ವಿಷಯ ಆಡಳಿತದ ಮುಂದಿದೆ ಎಂದಿದ್ದಾರೆ. ಹೊರದೇಶದ ವಿದ್ಯಾರ್ಥಿಗಳಿಗೆ ಮನೆ ಕೊಟ್ಟಿರುವ ಓದುಗರು ತಮ್ಮ ಬಾಡಿಗೆದಾರರ ಸಂಸ್ಥೆಯಲ್ಲಿ ಇಂಥ ಕೇಂದ್ರವಿದೆಯೇ, ದಸರೆ ದೀಪಾವಳಿಗೆ ಅದು ತೆರೆದಿರುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ. ಬಾಡಿಗೆದಾರರ ವಿವರದ ಫಾರ್ಮ್ ತುಂಬುವ ದಿನವೇ ಕೇಂದ್ರದ ಫೋನ್ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.